ಕಚೇರಿ ವೇಳೆಯ ದೆವ್ವ

ನಮ್ಮ ಊರಿನ ಸೇತುವೆಯ ಮೇಲೆ ಓಡಾಡುತ್ತಿದ್ದ ದೆವ್ವ ಗಂಡೋ ಹೆಣ್ಣೋ ಎಂಬ ಬಗ್ಗೆ ಇವತ್ತಿಗೂ ಎರಡು ಪಕ್ಷಗಳಿವೆ. ಆದರೆ ಅದು ಬೆಳಿಗ್ಗೆ ಕಚೇರಿ ತೆರೆದ ಮೇಲೆ ಬರುತ್ತಿತ್ತು, ಸಂಜೆ ಕಚೇರಿ ಮುಚ್ಚುವುದರೊಳಗೆ ಹೊರಡುತ್ತಿತ್ತು, ಭಾನುವಾರ ಮತ್ತು ರಜಾದಿನಗಳಂದು ಅತ್ತ ಸುಳಿಯುತ್ತಿರಲಿಲ್ಲ ಎಂಬುದನ್ನು ಎರಡೂ ಪಕ್ಷದವರು ಒಪ್ಪುತ್ತಾರೆ. ಇಷ್ಟು ಶಿಸ್ತಿನ ನೌಕರರು ಸೇತುವೆ ನೋಡಿಕೊಳ್ಳುವ ಇಲಾಖೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಈ ದೆವ್ವವನ್ನು ಕಂಡುಹಿಡಿದ ಕೀರ್ತಿ ಗೀಟಣ್ಣನದು. ಹುಟ್ಟಿದಾಗ ಅವನಿಗೆ ಬೇರೆ ಹೆಸರಿಟ್ಟಿದ್ದರು. ಕಂಪ್ಯೂಟರ್ ಪರದೆಯ ಮೇಲೆ ಗೀಟು ನೋಡುವ ಕೆಲಸ ಸಿಕ್ಕ ಮೇಲೆ ಊರಿನವರು ಆ ಹೆಸರನ್ನು ಮರೆತರು, ಸ್ವಲ್ಪ ದಿನಕ್ಕೆ ಅವನೂ ಮರೆತ.

ಸೇತುವೆಯಲ್ಲಿ ಬಿರುಕು ಕಂಡಾಗ ಎರಡೂ ತುದಿಗೆ ಕಬ್ಬಿಣದ ಅಡ್ಡಗಂಬಿ ಹಾಕಿ ಮುಚ್ಚಿದ್ದರು. ಮಾರುಕಟ್ಟೆ, ಆಸ್ಪತ್ರೆ ಎಲ್ಲ ಆಚೆ ದಡದಲ್ಲಿ. ಈಚೆಯವರು ಊರೆಲ್ಲ ಸುತ್ತಿ ಹೋಗಬೇಕಾಗಿತ್ತು. ಅಡ್ಡಗಂಬಿ ದಾಟುವವರನ್ನು ತಡೆಯಲು ಸೇತುವೆಯ ಬುಡದ ಕೋಣೆಯಲ್ಲಿ ಗೀಟಣ್ಣನನ್ನು ಕೂರಿಸಿದ್ದರು. ಹಂಗಾಮಿ ಕೆಲಸ. "ಸೇತುವೆ ಮತ್ತೆ ತೆರೆದ ದಿನ ನಿನ್ನ ಕೆಲಸ ಖಾಯಂ ಕಣಯ್ಯ" ಎಂದು ಇಂಜಿನಿಯರ್ ಸಾಹೇಬರು ಮಾತು ಕೊಟ್ಟಿದ್ದರು. ಗೀಟಣ್ಣ ಆ ಮಾತನ್ನು ಹಿಡಿದುಕೊಂಡೇ ಬೆಳಿಗ್ಗೆ ಏಳುತ್ತಿದ್ದ, ಅದನ್ನು ಹಿಡಿದುಕೊಂಡೇ ಮಲಗುತ್ತಿದ್ದ.

ಒಂದು ದಿನ ಮೇಲಿನ ಕಚೇರಿಯಿಂದ ಸೋಪಿನ ಡಬ್ಬಿಯಷ್ಟು ಗಾತ್ರದ ಎರಡು ಬೂದು ಬಣ್ಣದ ಪೆಟ್ಟಿಗೆಗಳು ಬಂದವು. ಅಲುಗಾಟ, ವಾಲಾಟ ಎರಡನ್ನೂ ಅಳೆದು ಕಳಿಸುವ ಪೆಟ್ಟಿಗೆಗಳು. ಒಂದನ್ನು ಬಿರುಕಿನ ಪಕ್ಕ ಅಂಟಿಸಬೇಕು, ಅದು ಕೆಟ್ಟರೆ ಇರಲಿ ಎಂದು ಇನ್ನೊಂದು. ತಂದುಕೊಟ್ಟವನು ಬಸ್ಸಿಗೆ ಹೊತ್ತಾಯಿತೆಂದು ನಿಂತಲ್ಲೇ ಪಾಠ ಮಾಡಿದ. ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ತೆರೆಯಬೇಕು, ಈ ವಿಳಾಸ ಹೊಡೆಯಬೇಕು, ಎರಡು ಪೆಟ್ಟಿಗೆಗಳ ಎರಡು ಗೀಟು ಆ ಕ್ಷಣದ್ದು ಆ ಕ್ಷಣಕ್ಕೇ ಕಾಣುತ್ತವೆ. ಬೆಳಿಗ್ಗೆ ಬಂದಕೂಡಲೇ ಕೆಂಪು ಚುಕ್ಕೆ ಒತ್ತಿದರೆ ರೆಕಾರ್ಡ್ ಶುರು, ಸಂಜೆ ಒತ್ತಿದರೆ ಬಂದ್. ಗೀಟು ಪರದೆಯ ನಡುವಿನಿಂದ ಜಾರಿದ್ದರೆ 'ಸೊನ್ನೆ' ಎಂಬ ಗುಂಡಿ ಒತ್ತಬೇಕು, ಮತ್ತೆ ನಡುವಿಗೆ ಬರುತ್ತದೆ.

"ಅರ್ಥ ಆಯ್ತಾ?"

"ಇದ್ರಲ್ಲಿ ಅರ್ಥ ಆಗೋಕ್ಕೇನಿದೆ ಸಾರ್!" ಎಂದ ಗೀಟಣ್ಣ.

ಲೋಕದಲ್ಲಿ ಮುಕ್ಕಾಲು ಪಾಲು ಅನಾಹುತಗಳು ಈ ವಾಕ್ಯದಿಂದಲೇ ಆರಂಭವಾಗುತ್ತವೆ. ಆ ಮನುಷ್ಯ ಬಸ್ಸು ಹಿಡಿದ.

ಸಂಜೆ ಗೀಟಣ್ಣ ಲ್ಯಾಪ್‌ಟಾಪನ್ನೂ ಎರಡೂ ಪೆಟ್ಟಿಗೆಗಳನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ. ಕಚೇರಿಯ ಸಾಮಾನನ್ನು ಮನೆಗೆ ಒಯ್ಯಬಾರದು, ನಿಜ. ಆದರೆ ಮನೆಯಲ್ಲಿ ಮಾವ ಇದ್ದರು. ಹಂಗಾಮಿ ಅಳಿಯನಾಗಿ ಅವನು ಅವರ ಕಣ್ಣಿನಲ್ಲಿ ಒಂದು ಸಲವಾದರೂ ದೊಡ್ಡವನಾಗಬೇಕಿತ್ತು.

ಮಾವ ಶಾಲೆಯ ಡ್ರಿಲ್ ಮೇಷ್ಟ್ರಾಗಿದ್ದವರು. ಅರ್ಧ ಊರಿಗೆ ಎಡ-ಬಲ ಕಲಿಸಿದವರು. ಲಕ್ವ ಹೊಡೆದು ಎಡಗಾಲು ಸೋತು, ಈಗ ಹಿತ್ತಿಲ ಕಡೆಯ ಕೋಣೆಯ ಮಂಚದ ಮೇಲಿದ್ದರು. ಕಾಲಿಗೆ ಜೀವ ಇದೆ, ಎದ್ದು ಹೆಜ್ಜೆ ಹಾಕಿದರೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ಮಗಳು, ಅಳಿಯ ಎರಡು ಕಡೆ ಹಿಡಿದು ನಿಲ್ಲಿಸಿದಾಗ ಅವರು ತೂರಾಡಿದರು. ಅದನ್ನು ಕಿಟಕಿಯಿಂದ ಕಟಿಂಗ್ ಶಾಪಿನವನು, ಅವರದೇ ಹಳೆಯ ಶಿಷ್ಯ, ನೋಡಿಬಿಟ್ಟ. "ಸಾಕು. ಇನ್ನು ನನ್ನನ್ನ ಯಾರೂ ಎಬ್ಬಿಸಬಾರದು" ಎಂದು ಮಾವ ಗೋಡೆಯ ಕಡೆ ತಿರುಗಿ ಮಲಗಿದರು. ಅಂದಿನಿಂದ ಗೀಟಣ್ಣನ ಹೆಂಡತಿಗೆ ಇದ್ದದ್ದು ಒಂದೇ ಚಿಂತೆ, ಅಪ್ಪ ಏಳುತ್ತಾರೋ ಇಲ್ಲವೋ.

ಗೀಟಣ್ಣ ಎರಡೂ ಪೆಟ್ಟಿಗೆಗಳನ್ನು ಮಾವನ ಕೋಣೆಯ ನೆಲದ ಮೇಲಿಟ್ಟು, ಪರದೆಯನ್ನು ಅವರ ಕಡೆ ತಿರುಗಿಸಿ, ನೆಲವನ್ನು ಒಮ್ಮೆ ಒದ್ದ. ಎರಡೂ ಗೀಟು ಛಂಗನೆ ಹಾರಿದವು.

"ನೋಡಿದ್ರಾ ಮಾವ? ಇರುವೆ ನಡೆದ್ರೂ ಗೊತ್ತಾಗುತ್ತೆ."

"ಇರುವೆ ನಡೆದ್ರೆ ನಿಮಗ್ಯಾಕೆ ಅಳಿಯಂದ್ರೇ?" ಎಂದರು ಮಾವ.

ಆದರೆ ಹೆಂಡತಿಗೆ ಬೇರೆ ಯೋಚನೆ ಹೊಳೆಯಿತು. ಹಗಲೆಲ್ಲ ಅವಳು ಟೈಲರ್ ಅಂಗಡಿಯಲ್ಲಿ ಕಾಜ ಹೊಲಿಯುತ್ತಿದ್ದಳು, ಮನೆಯಲ್ಲಿ ಅಪ್ಪ ಒಬ್ಬರೇ. "ರೀ, ಹೆಚ್ಚಿಂದು ಹೇಗೂ ಸುಮ್ನೆ ಬಿದ್ದಿರುತ್ತಲ್ಲ, ಅಪ್ಪನ ಮಂಚದ ಹಿಂದೆ ಅಂಟಿಸಿ. ಅವರು ಮಂಚದಿಂದ ಬಿದ್ರೆ ನಿಮಗೆ ಅಲ್ಲಿಂದ್ಲೇ ಗೊತ್ತಾಗುತ್ತೆ" ಎಂದಳು. ಮದುವೆಯಾದ ಮೇಲೆ ಮೊದಲ ಬಾರಿಗೆ ಅವಳು ತನ್ನ ವಿದ್ಯೆಯನ್ನು ನಂಬಿದ್ದಾಳೆಂದು ಗೀಟಣ್ಣ ಹಿರಿಹಿರಿ ಹಿಗ್ಗಿದ. ಪರದೆಯಲ್ಲಿ ಮೇಲಿನ ಗೀಟಿಗೆ 'ಸೇತುವೆ' ಎಂದೂ ಕೆಳಗಿನದಕ್ಕೆ 'ಮನೆ' ಎಂದೂ ಹೆಸರು ಬರೆದ. ಊಟಕ್ಕೆ ಕರೆ ಬಂತು. ಎದ್ದ, ಒಂದು ಪೆಟ್ಟಿಗೆಯನ್ನು ಮಂಚದ ಹಿಂದೆ ನೆಲಕ್ಕೆ ಅಂಟಿಸಿದ, ಇನ್ನೊಂದನ್ನು ಚೀಲಕ್ಕೆ ಹಾಕಿದ. ಮಾರನೆಯ ಬೆಳಿಗ್ಗೆ ಅದನ್ನು ಸೇತುವೆಯ ನಡುವೆ ಬಿರುಕಿನ ಪಕ್ಕ ಅಂಟಿಸಿ, ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಬಂದು ಕೋಣೆಯಲ್ಲಿ ಕೂತ.

ಕೆಂಪು ಚುಕ್ಕೆ ಒತ್ತಿದ. ಎರಡು ಗೀಟು ಎಡದಿಂದ ಬಲಕ್ಕೆ ಸದ್ದಿಲ್ಲದೆ ಹರಿಯತೊಡಗಿದವು. ಸ್ವಲ್ಪ ಹೊತ್ತಿನ ಮೇಲೆ 'ಸೇತುವೆ' ಎಂಬ ಗೀಟು ಒಮ್ಮೆ ಮೇಲೆದ್ದು ಇಳಿಯಿತು.

ಗೀಟಣ್ಣ ಕಿಟಕಿಯಿಂದ ನೋಡಿದ. ಬಿಸಿಲಿನಲ್ಲಿ ಸೇತುವೆ ಈ ತುದಿಯಿಂದ ಆ ತುದಿಯವರೆಗೆ ಬಟಾಬಯಲಾಗಿ ಬಿದ್ದಿತ್ತು. ಒಂದು ಕಾಗೆಯೂ ಇರಲಿಲ್ಲ. ಮತ್ತೆ ಪರದೆ ನೋಡಿದ. ಗೀಟು ಇನ್ನೊಮ್ಮೆ ಎದ್ದಿತು. ಅದರ ಬೆನ್ನಿಗೇ ಏನನ್ನೋ ನೆಲದ ಮೇಲೆ ಎಳೆದ ಹಾಗೆ ಸಣ್ಣಗೆ ಗರಗರ ನಡುಗಿತು. ತಡೆದು, ಮತ್ತೊಂದು ಹೆಜ್ಜೆ. ಮತ್ತೆ ಎಳೆತ. ಆಮೇಲೆ ಗೀಟು ಪರದೆಯ ಮೇಲಂಚಿಗೆ ಹಾರಿ ಬಿದ್ದು ಸುಮ್ಮನಾಯಿತು. ಬಹಳ ಹೊತ್ತು ಏನೂ ಇರಲಿಲ್ಲ. ಗೀಟಣ್ಣ ಉಸಿರು ಬಿಟ್ಟ. ಬಿಡುವುದನ್ನೇ ಕಾಯುತ್ತಿದ್ದಂತೆ ಅದು ನಿಧಾನವಾಗಿ, ಒಂದೊಂದೇ ಸಣ್ಣ ನಡುಕವಾಗಿ, ಮತ್ತೆ ಎದ್ದಿತು.

ಸೇತುವೆಯ ಮೇಲೆ ಯಾರೋ ನಡೆಯುತ್ತಿದ್ದರು. ಸೇತುವೆಯ ಮೇಲೆ ಯಾರೂ ಇರಲಿಲ್ಲ.

ಗೀಟಣ್ಣ ರಸ್ತೆಗೆ ಹಾರಿ ಕಟಿಂಗ್ ಶಾಪಿಗೆ ನುಗ್ಗಿದ. ಕಟಿಂಗ್ ಶಾಪಿನವನು ಕತ್ತಿ ಹಿಡಿದುಕೊಂಡೇ ಬಂದ. ಅವನ ಹಿಂದೆ ಒಂದು ಕೆನ್ನೆಗೆ ಮಾತ್ರ ಕ್ಷೌರವಾಗಿದ್ದ ಗಿರಾಕಿಯೂ ಬಂದ. ಮೂವರೂ ಒಮ್ಮೆ ಪರದೆ, ಒಮ್ಮೆ ಕಿಟಕಿ ನೋಡಿದರು. ಗಿರಾಕಿಯ ಇನ್ನೊಂದು ಕೆನ್ನೆಯ ನೊರೆ ಒಣಗಿತು.

"ಒಂದು ಕಾಲು ಎಳೀತಾನೆ" ಎಂದ ಕಟಿಂಗ್ ಶಾಪಿನವನು ಮೆಲ್ಲಗೆ.

"ಗಂಡಸು ಅಂತ ಹೇಗೆ ಹೇಳ್ತೀಯ?" ಎಂದ ಗಿರಾಕಿ.

"ಹೆಂಗಸಾಗಿದ್ರೆ ಇಷ್ಟೊತ್ತಿಗೆ ಆಚೆ ದಡ ಮುಟ್ಟಿರ್ತಿದ್ಲು."

ಕಟಿಂಗ್ ಶಾಪಿಗೆ ತಲುಪಿದ ಸುದ್ದಿ ಊರಿಗೆ ತಲುಪಲು ಎಷ್ಟು ಹೊತ್ತು ಬೇಕು? ಸಂಜೆಯೊಳಗೆ ಕೋಣೆಯ ಕಿಟಕಿಗೆ ಜನ ಜೇನಿನಂತೆ ಕಟ್ಟಿಕೊಂಡರು. ಅದು ಸೇತುವೆ ಕಟ್ಟಿದ ಹಳೆಯ ಗುತ್ತಿಗೆದಾರನ ದೆವ್ವ, ಉಳಿಸಿಕೊಂಡ ಸಿಮೆಂಟನ್ನು ವಾಪಸು ಹಾಕಲು ಬರುತ್ತಿದೆ ಎಂದು ಕೆಲವರು. ಗುತ್ತಿಗೆದಾರ ಬದುಕಿದ್ದಾನೆ, ಮೊನ್ನೆ ತಾನೇ ಹೊಸ ಕಾರು ತಗೊಂಡ ಎಂದು ಇನ್ನು ಕೆಲವರು. ಬದುಕಿದ್ದರೇನಂತೆ, ಅಷ್ಟು ಸಿಮೆಂಟ್ ತಿಂದವನ ದೆವ್ವ ಮುಂಚಿತವಾಗಿಯೇ ಹೊರಡಬಹುದು ಎಂದು ತೀರ್ಮಾನವಾಯಿತು. ಗೀಟಣ್ಣ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, "ಗಲಾಟೆ ಮಾಡ್ಬೇಡಿ, ಸಿಗ್ನಲ್‌ಗೆ ತೊಂದ್ರೆ ಆಗುತ್ತೆ" ಎಂದು ಗದರುತ್ತಿದ್ದ. ಕುರ್ಚಿಯನ್ನು ಮಾತ್ರ ಬಾಗಿಲ ಹತ್ತಿರಕ್ಕೆ ಎಳೆದುಕೊಂಡಿದ್ದ.

ಮನೆಗೆ ಹೋದರೆ ಹೆಂಡತಿಯ ಪ್ರಶ್ನೆ ದಿನಾ ಒಂದೇ. "ರೀ, ಅಪ್ಪ ಇವತ್ತು ಸ್ವಲ್ಪನಾದ್ರೂ ಅಲ್ಲಾಡಿದ್ರಾ?"

"ಇಲ್ಲ ಕಣೇ. ಮನೆ ಗೀಟು ತೆಪ್ಪಗೆ ಮಲಗಿತ್ತು."

ಅವಳ ಮುಖ ಇಳಿಯುತ್ತಿತ್ತು. ಗಾಳಿ ಜೋರಾಗಿ ಬೀಸಿದ ದಿನ 'ಮನೆ' ಎಂಬ ಗೀಟು ಸ್ವಲ್ಪ ಗುಂಯ್‌ಗುಟ್ಟಿದ್ದನ್ನು ಕಂಡು ಅವನು "ಇವತ್ತು ಮಾವ ಗೊರಕೆ ಹೊಡೆದಿದ್ದಾರೆ" ಎಂದು ವರದಿ ಕೊಟ್ಟ. ಅದಕ್ಕೇ ಅವಳು ಖುಷಿಪಟ್ಟಳು, ಪಾಪ. ಇನ್ನೊಂದು ವಿಚಿತ್ರವಿತ್ತು. ಆ ಗೀಟು ದಿನವೂ ಕೂದಲೆಳೆಯಷ್ಟು ಕೆಳಗೆ ಜಾರಿರುತ್ತಿತ್ತು. ಗೀಟಣ್ಣ ದಿನಾ ಬೆಳಿಗ್ಗೆ 'ಸೊನ್ನೆ' ಒತ್ತಿ ಅದನ್ನು ನಡುವಿಗೆ ಎತ್ತಿ ಕೂರಿಸುತ್ತಿದ್ದ. ಪರದೆ ಲಕ್ಷಣವಾಗಿರಬೇಕು ನೋಡಿ. ಆದರೆ ಯಾಕೆ ಜಾರುತ್ತದೆ ಎಂದು ಯೋಚಿಸಿ ಅವನಿಗೆ ಹೊಳೆದ ಕಾರಣ ಒಂದೇ.

"ನಿಮ್ಮಪ್ಪ ದಪ್ಪ ಆಗ್ತಿದ್ದಾರೆ ಕಣೇ. ನೆಲ ಕುಸೀತಿದೆ. ಊಟ ಸ್ವಲ್ಪ ಕಮ್ಮಿ ಮಾಡು."

ಅವಳು ಕಮ್ಮಿ ಮಾಡಿದಳು. ಮಾವ ತಟ್ಟೆ ನೋಡಿದರು, ಅಳಿಯನನ್ನು ನೋಡಿದರು. ಅವರು ಆಸಕ್ತಿಯಿಂದ ಕೇಳುತ್ತಿದ್ದದ್ದು ದೆವ್ವದ ವಿಷಯ ಮಾತ್ರ.

"ಇವತ್ತು ಹೇಗೆ ನಡೀತು ನಿಮ್ಮ ದೆವ್ವ?"

"ಒಂದು ಕಾಲು ಎಳೀತಾನೇ ಇದೆ ಮಾವ."

"ಅಷ್ಟೂ ಗೊತ್ತಿಲ್ವಾ ಅದಕ್ಕೆ! ಮಂಡಿ ಎತ್ತಿ ಇಡ್ಬೇಕು. ಹಿಮ್ಮಡಿ ಮೊದ್ಲು, ಬೆರಳು ಆಮೇಲೆ" ಎಂದು ಡ್ರಿಲ್ ಮೇಷ್ಟ್ರು ಮಂಚದ ಮೇಲಿಂದಲೇ ಪಾಠ ಹೇಳಿದರು.

ಮಾರನೆಯ ದಿನ ಪರದೆಯ ಮೇಲೆ ದೆವ್ವ ಹಿಮ್ಮಡಿಯನ್ನು ಮೊದಲು ಇಟ್ಟಿತು.

ಗೀಟಣ್ಣ ಪರದೆಗೆ ಮೂಗು ತಾಗಿಸಿ ನೋಡಿದ. ಪ್ರತಿ ಹೆಜ್ಜೆಗೂ ಒಂದು ದೊಡ್ಡ ಏರು, ಅದರ ಹಿಂದೆ ಒಂದು ಚಿಕ್ಕ ಏರು. ಎಳೆತ ಅರ್ಧಕ್ಕರ್ಧ ತಗ್ಗಿತ್ತು. ಮನೆಯೊಳಗೆ ಬಾಗಿಲು ಹಾಕಿಕೊಂಡು ಆಡಿದ ಮಾತು ಅದಕ್ಕೆ ಕೇಳಿಸಿತ್ತು! ಅಂದರೆ ಅದು ಸಂಜೆ ತನ್ನ ಹಿಂದೆಯೇ ಮನೆಗೆ ಬರುತ್ತಿದೆ. ಅವನು ಅಂದಿನಿಂದ ದಾರಿಯಲ್ಲಿ ಹಿಂದಿರುಗಿ ನೋಡುತ್ತ ನಡೆದು, ಎರಡು ಸಲ ದೀಪದ ಕಂಬಕ್ಕೆ ಹಣೆ ಹೊಡೆಸಿಕೊಂಡ.

ಹೆಂಡತಿಗೆ ನೆಗಡಿ ಬಂದು ಕೆಲಸಕ್ಕೆ ಹೋಗದ ಒಂದು ದಿನ ಪರದೆಯ ಮೇಲೆ ಎರಡನೆಯ ದೆವ್ವ ಕಾಣಿಸಿಕೊಂಡಿತು. ಚುರುಕು ಹೆಜ್ಜೆ, ನಡುನಡುವೆ ಗುಡಿಸುತ್ತಿರುವ ಹಾಗೆ ಸರಬರ. "ಇದು ಹೆಂಗಸೇ" ಎಂದ ಕಟಿಂಗ್ ಶಾಪಿನವನು. ಅಂದು ಮೊದಲನೆಯ ದೆವ್ವ ಜಪ್ಪಯ್ಯ ಎಂದರೂ ಅಲುಗಾಡಲಿಲ್ಲ. "ಹೆಂಡ್ತಿ ಬಂದ ದಿನ ಗಂಡ ತೆಪ್ಪಗಿದ್ದಾನೆ, ಮನುಷ್ಯರ ಹಾಗೇ" ಎಂದು ನೆರೆದವರು ನಕ್ಕರು. ಆದರೆ ಆ ನಗು ಒಂದೇ ದಿನದ್ದು. ಮರುದಿನ ಮೊದಲನೆಯದು ಮರಳಿ ಬಂತು, ದಿನದಿನಕ್ಕೂ ಅದಕ್ಕೆ ಬಲ ಬರುತ್ತಿತ್ತು. ಬೀಳುವುದು ನಿಂತಿತ್ತು. ಹೆಜ್ಜೆಗಳ ನಡುವಿನ ತಡೆ ಕಡಿಮೆಯಾಗಿತ್ತು. ಏನೋ ಒಂದು, ಕಣ್ಣಿಗೆ ಕಾಣದ್ದು, ಎಲ್ಲಿಗೋ ಹೊರಡಲು ತಯಾರಾಗುತ್ತಿತ್ತು. ಸೇತುವೆಯ ಬುಡದ ಮನೆಗಳವರು ಹಗಲು ಹೊತ್ತಿನಲ್ಲೇ ಕಿಟಕಿ ಮುಚ್ಚತೊಡಗಿದರು.

ಸಾಹೇಬರು ಬಂದರು. ಪರದೆ ನೋಡಿದರು, ಕಿಟಕಿ ನೋಡಿದರು, ಕನ್ನಡಕ ಒರೆಸಿ ಮತ್ತೆ ಪರದೆ ನೋಡಿದರು. ನಿಯಮಾವಳಿಯಲ್ಲಿ ಪಾದಚಾರಿಗಳ ಬಗ್ಗೆ ಇದೆ, ಪಾದವಿಲ್ಲದ ಚಾರಿಗಳ ಬಗ್ಗೆ ಇಲ್ಲ. ಆದರೆ ಅವರು ಬುದ್ಧಿವಂತರು. ಸೇತುವೆ ತೆರೆಯಿರಿ ಎಂದು ಜನ ಅವರ ಪ್ರಾಣ ಹಿಂಡುತ್ತಿದ್ದರು.

"ನೋಡಯ್ಯ, ತಿಂಗಳಿಂದ ದಿನಾ ಇದರ ಮೇಲೆ ಏನೋ ಒಂದು ನಡೀತಿದೆ. ಆದ್ರೂ ಸೇತುವೆ ಗೀಟು ನಡುವಿಂದ ಒಂದಿಷ್ಟೂ ಜಾರಿಲ್ಲ. ಅಂದ್ರೆ ಏನು? ಸೇತುವೆ ಕಲ್ಲಿನ ಹಾಗಿದೆ. ಸೋಮವಾರ ತೆರೆದುಬಿಡೋಣ."

"ದೆವ್ವ, ಸಾರ್?"

"ಅದೂ ನಡೀಲಿ, ಜನಾನೂ ನಡೀಲಿ. ಸಾರ್ವಜನಿಕ ಸೇತುವೆ. ಅಂದೇ ನಿನ್ನ ಖಾಯಂ ಆದೇಶಕ್ಕೂ ಸಹಿ ಹಾಕ್ತೀನಿ."

ಸೋಮವಾರ ಮಧ್ಯಾಹ್ನ ಅಡ್ಡಗಂಬಿಯ ಹಿಂದೆ ಊರೇ ನಿಂತಿತ್ತು. ಸಂತೆಯ ಚೀಲ ಹಿಡಿದವರು, ಆಸ್ಪತ್ರೆಯ ಚೀಟಿ ಹಿಡಿದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಟೈಲರ್ ಅಂಗಡಿಯಿಂದ ಗೀಟಣ್ಣನ ಹೆಂಡತಿಯೂ ಬಂದು ಮುಂದಿನ ಸಾಲಿನಲ್ಲಿದ್ದಳು. ಮೊದಲು ಸಾಹೇಬರು ನಡುವಿನವರೆಗೆ ಹೋಗಿ ನಿಂತು, ಜನರ ಭಯ ಬಿಡಿಸಿ, ಕೈ ಬೀಸುವುದು. ಆಮೇಲೆ ಎಲ್ಲರೂ ಒಟ್ಟಿಗೆ ನುಗ್ಗುವುದು. ಬ್ರೌಸರ್ ಪುಟವನ್ನು ಗೀಟಣ್ಣನ ಮೊಬೈಲಿನಲ್ಲೂ ತೆರೆಸಿದ್ದರು. ಸಾಕ್ಷಿಗೆಂದು ಕಟಿಂಗ್ ಶಾಪಿನವನೂ ಜೊತೆಗೆ ಹೊರಟ.

ಮೂವರೂ ಸೇತುವೆಯ ನಡುವೆ ಬಂದು ನಿಂತರು. ಕೆಳಗೆ ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು. ಮೊಬೈಲಿನಲ್ಲಿ 'ಸೇತುವೆ' ಗೀಟು ಒಮ್ಮೆ ಎದ್ದಿತು.

"ಬಂತು ಸಾರ್."

"ಎಲ್ಲಿ?"

"ಇಲ್ಲೇ ಸಾರ್. ಇದೇ ಜಾಗ."

ಒಂದು ಹೆಜ್ಜೆ. ಇನ್ನೊಂದು. ಎಳೆತವಿಲ್ಲದ, ಅಳೆದಿಟ್ಟಂಥ ಹೆಜ್ಜೆ. ಬಿಸಿಲು ಸುರಿಯುತ್ತಿತ್ತು, ಮೂವರ ನೆರಳು ಮೂರೇ ಇದ್ದವು. ಸಾಹೇಬರು ಕೋಟಿನ ಗುಂಡಿ ಹಾಕಿಕೊಂಡು, ಕಟಕಟೆಗೆ ಬೆನ್ನು ಒತ್ತಿ ನಿಂತು, "ಹೋಗ್ಲಿ, ಹೋಗ್ಲಿ, ದಾರಿ ಬಿಡಿ" ಎಂದರು. ಕಟಿಂಗ್ ಶಾಪಿನವನು ಯಾರಿಗೆಂದು ತಿಳಿಯದೆ ನಮಸ್ಕಾರ ಹಾಕಿದ. ಗಾಳಿಯೂ ಇರಲಿಲ್ಲ. ಆದರೂ ಏನೋ ತಮ್ಮ ಪಕ್ಕದಲ್ಲೇ ಹಾದುಹೋಯಿತೆಂದು ಮೂವರಿಗೂ ಅನಿಸಿತು. ಗೀಟಣ್ಣ ಕಿಟಾರನೆ ಕಿರುಚಿ ಹಿಂದಕ್ಕೆ ಹಾರಿದ.

ಅವನ ಕಾಲು ನೆಲಕ್ಕೆ ಬಡಿದ ಕ್ಷಣವೇ 'ಮನೆ' ಎಂಬ ಗೀಟು ಛಂಗನೆ ಎದ್ದಿತು.

ಗೀಟಣ್ಣ ಕಣ್ಣುಜ್ಜಿದ. ಇನ್ನೊಮ್ಮೆ ನೆಲ ಒದ್ದ. 'ಮನೆ' ಹಾರಿತು. 'ಸೇತುವೆ' ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಮತ್ತೆ ಒದ್ದ. ಮತ್ತೆ 'ಮನೆ'.

"ಏನಯ್ಯ ಕುಣೀತಿದ್ದೀಯ?" ಎಂದರು ಸಾಹೇಬರು.

ಗೀಟಣ್ಣನ ತಲೆಯೊಳಗೆ ಯಾವತ್ತೂ ಎರಡು ವಿಷಯಗಳು ಒಟ್ಟಿಗೆ ಸೇರಿದ್ದಿಲ್ಲ. ಅಂದು ಸೇರಿದವು. ಹೆಸರುಗಳು ಅದಲುಬದಲಾಗಿವೆ. ಈ ಕಾಲ ಕೆಳಗಿರುವುದೇ 'ಮನೆ'. ದಿನವೂ ಜಾರಿದ್ದು ಮಾವನ ಕೋಣೆಯ ನೆಲವಲ್ಲ, ಈ ಸೇತುವೆ. ಒಂದು ತಿಂಗಳು ಅದು ಇಳಿಯುತ್ತಲೇ ಇದೆ, ತಾನು ದಿನವೂ ಬೆಳಿಗ್ಗೆ ಗುಂಡಿ ಒತ್ತಿ ಪರದೆಯ ಮೇಲೆ ಅದನ್ನು ಎತ್ತಿ ಕೂರಿಸುತ್ತಲೇ ಇದ್ದೇನೆ. ಮೊಬೈಲ್ ನೋಡಿದ. ಬೆಳಿಗ್ಗೆ ತಾನೇ ಸೊನ್ನೆ ಮಾಡಿದ್ದ ಗೀಟು ಈಗ ಪರದೆಯ ಕೆಳಗಿನ ಅಂಚಿನಲ್ಲಿತ್ತು, ನೋಡುತ್ತಿದ್ದಂತೆಯೇ ಇಳಿಯುತ್ತಿತ್ತು.

"ಸಾರ್, ತಪ್ಪಾಗೋಯ್ತು. ಪೆಟ್ಟಿಗೆ ಅದ್ಲುಬದ್ಲು ಮಾಡ್ಬಿಟ್ಟಿದ್ದೀನಿ. ಸೇತುವೆ ಕುಸೀತಿದೆ. ನಡೀರಿ ಸಾರ್, ಬೇಗ ಇಳಿಯೋಣ."

ಬಾಯಿಂದ ಮಾತು ಹೊರಟಾಗಲೇ ಖಾಯಂ ಕೆಲಸ ಹೊಳೆಯ ಪಾಲಾಯಿತೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದ. ಅವನ ಬಗ್ಗೆ ನಾನು ಎಷ್ಟೇ ನಕ್ಕರೂ ಇದನ್ನು ಮಾತ್ರ ಹೇಳದೆ ಇರಲಾರೆ.

ಸಾಹೇಬರು ನಂಬಲಿಲ್ಲ. "ಹೆದ್ರಿಕೊಂಡಿದ್ದೀಯ ನೀನು."

"ಅಲ್ಲ ಸಾರ್, ಗೀಟು ನೋಡಿ..."

"ತಿಂಗಳೆಲ್ಲ ನೀನೇ ಕಳಿಸಿದ ರೆಕಾರ್ಡಿಂಗಲ್ಲಿ ಸೇತುವೆ ಗಟ್ಟಿ ಇದೆ. ಈಗ ಇಲ್ಲ ಅಂದ್ರೆ? ಏನಿದ್ರೂ ನಾಳೆ ಬರೆದು ಕೊಡು, ಮೇಲಕ್ಕೆ ಕಳಿಸೋಣ." ಎಂದವರೇ ಜನರ ಕಡೆ ತಿರುಗಿ ಕೈ ಎತ್ತಿದರು, ಇನ್ನೇನು ಬೀಸಬೇಕು. ಅಡ್ಡಗಂಬಿ ಸರಿಸುವ ಸದ್ದು ಕೇಳಿಸಿತು. ಚೀಲಗಳು, ಚೀಟಿಗಳು, ಹೆಗಲ ಮೇಲಿನ ಮಕ್ಕಳು, ಅವನ ಹೆಂಡತಿ, ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು.

ಗೀಟಣ್ಣ ನಿಜ ಹೇಳುವುದನ್ನು ಬಿಟ್ಟ.

"ತಿರುಗ್ತು! ಅಯ್ಯೋ, ದೆವ್ವ ತಿರುಗ್ತು! ಓಡ್ತಾ ಇದೆ! ನಮ್ಮ ಕಡೆಗೇ ಬರ್ತಿದೆ!"

ಸಾಹೇಬರ ಎತ್ತಿದ ಕೈ ಎತ್ತಿದ ಹಾಗೇ ಇತ್ತು, ಸಾಹೇಬರು ಮಾತ್ರ ಅಲ್ಲಿರಲಿಲ್ಲ. ಅಷ್ಟು ಸ್ಥೂಲವಾದ ದೇಹ ಅಷ್ಟು ವೇಗವಾಗಿ ಹೋದದ್ದನ್ನು ಇಲಾಖೆ ಹಿಂದೆಂದೂ ಕಂಡಿರಲಿಲ್ಲ. ಕಟಿಂಗ್ ಶಾಪಿನವನು ಅವರನ್ನೂ ಹಿಂದೆ ಹಾಕಿದ. ಜನ ಅಡ್ಡಗಂಬಿ ಬಿಟ್ಟು ದಡದ ಮೇಲಕ್ಕೆ ದಿಕ್ಕಾಪಾಲಾದರು. ಕಡೆಯಲ್ಲಿ ಓಡಿಬಂದ ಗೀಟಣ್ಣ ದಡ ಮುಟ್ಟಿ ಬಗ್ಗಿ ಏದುಸಿರು ಬಿಡುತ್ತಿರುವಾಗ ಬೆನ್ನ ಹಿಂದೆ ಯಾರೋ ದೊಡ್ಡವರು ನಿಟ್ಟುಸಿರು ಬಿಟ್ಟ ಹಾಗಾಯಿತು.

ಸೇತುವೆ ನಡುವಿನಲ್ಲಿ ಬಾಗಿತು. ಗಡಿಬಿಡಿಯೇನೂ ಇರಲಿಲ್ಲ. ಬಾಗಿ, ಒಂದು ಗಳಿಗೆ ತಡೆದು, ನಡುವಿನ ಭಾಗ ಹಾಗೇ ನೀರಿಗೆ ಇಳಿಯಿತು. ಆಮೇಲೆ ಸದ್ದು ಬಂತು. ಧೂಳು ಅಡಗಿದಾಗ ಅಲ್ಲಿ ಬರೀ ಆಕಾಶ ಕಾಣುತ್ತಿತ್ತು.

ಗೀಟಣ್ಣ ಮೊಬೈಲ್ ನೋಡಿದ. 'ಮನೆ' ಗೀಟು ಸತ್ತು ಮಾಯವಾಗಿತ್ತು. 'ಸೇತುವೆ' ಗೀಟು ಇನ್ನೂ ನಡೆಯುತ್ತಿತ್ತು.

ಭುಜದ ಮೇಲಿಂದ ಇಣುಕಿದ ಕಟಿಂಗ್ ಶಾಪಿನವನು ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. "ಸೇತುವೇನೇ ಇಲ್ಲ, ಇದು ಯಾವುದರ ಮೇಲೆ ನಡೀತಿದೆ?"

"ಆ ಪೆಟ್ಟಿಗೆ ನಮ್ಮನೇಲಿದೆ" ಎಂದ ಗೀಟಣ್ಣ.

ಈಗ ಎಲ್ಲರೂ ಅವನಿಂದ ಎರಡು ಹೆಜ್ಜೆ ಹಿಂದೆ ಸರಿದರು.

"ನಿಮ್ಮನೇಲಿ ಯಾರಿದ್ದಾರೆ?" ಎಂದರು ಸಾಹೇಬರು ಕೀರಲು ದನಿಯಲ್ಲಿ.

"ಮಾವ ಒಬ್ಬರೇ. ಆದ್ರೆ ಅವರು..."

ಹೆಂಡತಿ ಅವನ ಕೈಯಿಂದ ಮೊಬೈಲ್ ಕಿತ್ತುಕೊಂಡಳು. ಗೀಟು ನೋಡಿದಳು. ಮನೆಯ ಕಡೆ ನಡೆದಳು, ಆಮೇಲೆ ಓಡಿದಳು. ಹಿಂದೆ ಗೀಟಣ್ಣ, ಅವನ ಹಿಂದೆ ಸಾಕಷ್ಟು ಅಂತರ ಬಿಟ್ಟು ಸಾಹೇಬರು, ಕಟಿಂಗ್ ಶಾಪಿನವನು, ಊರು. ಬೀಗ ತೆರೆಯುವ ಸದ್ದಿಗೆ ಗೀಟು ಸರಸರನೆ ಓಡಾಡಿ, ಒಮ್ಮೆ ಜೋರಾಗಿ ಎದ್ದು, ನಿಂತುಹೋಯಿತು.

ಮಾವ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಕುತ್ತಿಗೆಯವರೆಗೂ ಹೊದಿಕೆ. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲಲ್ಲಿ ಜನ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ನಿಂತರು.

ಮಗಳು ಮಂಚದ ತುದಿಯಲ್ಲಿ ಕೂತು, ಹೊದಿಕೆಯ ಅಂಚು ಎತ್ತಿ, ಅಪ್ಪನ ಪಾದ ಮುಟ್ಟಿದಳು. ಬಿಸಿಯಾಗಿತ್ತು. ಎರಡೂ ಅಂಗಾಲಿನ ತುಂಬ ಧೂಳು. ಮೊಣಕಾಲಿನ ಮೇಲೆ ಹಳದಿ ತಿರುಗುತ್ತಿದ್ದ ಬಿದ್ದ ಪೆಟ್ಟಿನ ಕಲೆಗಳು. ಮುಚ್ಚಿದ ರೆಪ್ಪೆಗಳು ಸಣ್ಣಗೆ ಅದುರುತ್ತಿದ್ದವು.

"ಯಾರಮ್ಮ ಇಲ್ಲಿ ನಡೀತಿದ್ದದ್ದು?" ಎಂದ ಕಟಿಂಗ್ ಶಾಪಿನವನು ಬಾಗಿಲಿನಿಂದ.

ಅವಳು ಅಂಗೈಯಿಂದ ಆ ಧೂಳನ್ನು ಮೆಲ್ಲಗೆ ಒರೆಸಿ, ಹೊದಿಕೆ ಎಳೆದು ಮುಚ್ಚಿದಳು. "ಯಾರೂ ಇಲ್ಲ. ನೋಡ್ತಿದ್ದೀರಲ್ಲ, ಅಪ್ಪ ಮಲಗಿದ್ದಾರೆ."

ಇಷ್ಟು ಸಾಕಾಯಿತು. ಊರು ಬಂದ ದಾರಿಯಲ್ಲಿ ಬಂದದ್ದಕ್ಕಿಂತ ವೇಗವಾಗಿ ಹೋಯಿತು. ಆ ದೆವ್ವ ಸೇತುವೆ ಕೆಡವಿ ಗೀಟಣ್ಣನ ಮನೆ ಸೇರಿದೆ ಎಂದು ಜನ ಈಗಲೂ ನಂಬುತ್ತಾರೆ. ಸಾಹೇಬರು ಅವನನ್ನು ಕೆಲಸದಿಂದ ತೆಗೆದರು. ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟರು.

ಗೀಟಣ್ಣನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲವೆಂದು ಪ್ರಸಿದ್ಧಿ. ಆವತ್ತು ಮಾತ್ರ ಅವನು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, ಮುಚ್ಚಿದ. ಅವಳು ಸನ್ನೆ ಮಾಡಿದಳು. ಇಬ್ಬರೂ ಹೊರಗೆ ಬಂದು, ಒಳಗೆ ಕೇಳಿಸುವ ಹಾಗೆ ಬಾಗಿಲು ಎಳೆದು ಬೀಗ ಹಾಕಿ, ಮೆಟ್ಟಿಲ ಮೇಲೆ ಕೂತು ಮೊಬೈಲನ್ನು ನಡುವೆ ಹಿಡಿದರು. ಗೀಟು ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಒಂದು ಏರು. ಅದರ ಹಿಂದೆ ಚಿಕ್ಕದೊಂದು. ಹಿಮ್ಮಡಿ, ಬೆರಳು.

ಗೀಟಣ್ಣನಿಗೆ ಆಗ ಎಲ್ಲ ಒಟ್ಟಿಗೆ ಹೊಳೆದು, ಕೆಲಸ ಹೋದ ದುಃಖವೂ ಮಾವನ ಊಟ ಕಮ್ಮಿ ಮಾಡಿಸಿದ ನಾಚಿಕೆಯೂ ಸೇರಿ ಅಳು ಉಕ್ಕಿಬಂತು. "ಅಲ್ಲ ಕಣೇ, ನಾನು..." ಎಂದು ಶುರುಮಾಡಿದ.

ಅವಳು ಪರದೆಯಿಂದ ಕಣ್ಣು ತೆಗೆಯದೆ ಅವನ ಬಾಯಿಗೆ ಕೈ ಅಡ್ಡ ಇಟ್ಟಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಸದ್ದು ಮಾಡ್ಬೇಡಿ. ಅಪ್ಪ ನಡೀತಾ ಇದ್ದಾರೆ."